ಕೊನೆಯ ಬೆಂಚಿನಿಂದ ತುಟಿ ಆಡಿಸಿದವಳು

ಶನಿವಾರ, ಫೆಬ್ರವರಿ ೧೮
ಶಾಲೆಯ ಸ್ಟಾಫ್ ರೂಮಿನಿಂದ, ಮಧ್ಯಾಹ್ನ

ಪ್ರೀತಿಯ ಸಾಸಿವೆಗೆ,

ನಿನ್ನ ಅಕ್ಕ ಮಾಡುವ ಆಶೀರ್ವಾದಗಳು. ಇಲ್ಲಿ ನಾನು ಕ್ಷೇಮ, ನನ್ನ ಮಂಡಿನೋವೂ ಕ್ಷೇಮ. ನಿನ್ನ ಕಾಗದ ಬಂದು ಎರಡು ತಿಂಗಳಾದರೂ ಉತ್ತರ ಬರೆಯಲಿಲ್ಲ, ಬೈದುಕೋ. ಪರೀಕ್ಷೆ, ಪೇಪರು, ಮಾರ್ಕ್ಸು ಎಂದು ನೆಪ ಹೇಳಬಹುದು. ಆದರೆ ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಾಗುತ್ತದೆ. ನಿಜ ಏನೆಂದರೆ, ಆ ಕಾಗದವನ್ನು ನಾಲ್ಕು ಸಲ ಓದಿದರೂ ಅದರೊಳಗೆ ನೀನು ಎಲ್ಲೂ ಸಿಗಲಿಲ್ಲ. ‘ಎಲ್ಲರೂ ಕ್ಷೇಮ’ ಎಂದು ಮೂರು ಸಲ ಬರೆದಿದ್ದೆ. ‘ಅವರು ಚೆನ್ನಾಗಿ ನೋಡಿಕೊಳ್ಳುತ್ತಾರೆ’ ಎಂದು ಎರಡು ಸಲ. ಚಿಕ್ಕವಳಿದ್ದಾಗ ಒಗ್ಗರಣೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟ ಎನ್ನುತ್ತಿದ್ದವಳು ಬರೆದ ಕಾಗದವೇ ಇದು ಎಂದು ಅಕ್ಷರ ನೋಡಿ ನಂಬಬೇಕಾಯಿತು.

ಫೋನ್ ಮಾಡಿದರೆ ನಿಮ್ಮ ಯಜಮಾನರೇ ಎತ್ತುತ್ತಾರೆ. ನಿನಗೆ ಕೊಡುವಾಗ ಸ್ಪೀಕರ್ ಹಾಕಿ ಕೊಡುತ್ತಾರೆ, ಹಿಂದೆ ಅವರು ಕೆಮ್ಮುವುದು ನನಗೆ ಕೇಳಿಸುತ್ತದೆ. ಅದಕ್ಕೇ ಇದನ್ನು ನಿನ್ನ ಕೆಳಮನೆಯ ಟೈಲರ್ ಅಕ್ಕನ ವಿಳಾಸಕ್ಕೆ ಹಾಕುತ್ತಿದ್ದೇನೆ. ಬಟ್ಟೆ ಅಳತೆಗೆಂದು ಹೋಗಿ, ಅವರ ಮಷಿನ್ ಪಕ್ಕದಲ್ಲೇ ನಿಂತು ಓದಿಬಿಡು.

ಇವತ್ತು ನಾನು ಬರೆಯಬೇಕಾಗಿದ್ದದ್ದು ಬೇರೆ ಕಾಗದ. ಹೆಡ್‌ಮಾಸ್ಟರು ನನ್ನಿಂದ ಲಿಖಿತ ವಿವರಣೆ ಕೇಳಿದ್ದಾರೆ, ಸೋಮವಾರ ಕೊಡಬೇಕು. ‘ಮಾನ್ಯರೇ’ ಎಂದು ಬರೆದು ಒಂದು ಗಂಟೆ ಪೆನ್ನು ಕಚ್ಚುತ್ತ ಕೂತೆ. ಆಮೇಲೆ ಹಾಳೆ ತಿರುಗಿಸಿ ನಿನಗೆ ಬರೆಯಲು ಶುರು ಮಾಡಿದೆ. ಏನಾಯಿತೆಂದು ಮೊದಲಿಂದ ಹೇಳುತ್ತೇನೆ, ಕೇಳು.

ನಮ್ಮ ಶಾಲೆಯಲ್ಲಿ ಏಳನೇ ತರಗತಿಯ ಪ್ರತಿ ಮಗುವೂ ಮೂರು ನಿಮಿಷದ ಭಾಷಣ ಮಾಡಬೇಕು. ಮಾಡದಿದ್ದರೆ ಪಾಸಿಲ್ಲ. ವಿಷಯಗಳು ಹನ್ನೆರಡೇ: ನೀರು, ಮರಗಳು, ಶುಚಿತ್ವ, ಸಮಯ ಪಾಲನೆ, ಹೀಗೆ. ಒಂದೊಂದಕ್ಕೂ ಒಂದೊಂದು ಹಾಳೆಯ ಭಾಷಣ ಮೊದಲೇ ಟೈಪಾಗಿ, ದಾರ ಕಟ್ಟಿ ಹೆಡ್‌ಮಾಸ್ಟರ ಬೀರುವಿನಲ್ಲಿದೆ. ನಾವು ಅದನ್ನು ಕಟ್ಟು ಎನ್ನುತ್ತೇವೆ. ಕಟ್ಟಿನಲ್ಲಿ ಇದ್ದದ್ದನ್ನೇ ಮಗು ಒಪ್ಪಿಸಬೇಕು. ತರಗತಿಯ ಮುಂದೆ ಹಾಕಿದ ಮರದ ಹಲಗೆ ಹತ್ತಿದ ಮೇಲೆ ಮಾತು ಬಂದರೂ ಬರದಿದ್ದರೂ ಮೂರು ನಿಮಿಷ ಮುಗಿಯುವ ತನಕ ಇಳಿಯುವಂತಿಲ್ಲ. ಒಂದು ವರ್ಷ ಒಬ್ಬ ಅರ್ಧಕ್ಕೇ ರಸ್ತೆಗೆ ಓಡಿಹೋದ ಮೇಲೆ, ಬಾಗಿಲಿಗೆ ಒಳಗಿನಿಂದ ಚಿಲಕ ಬೇರೆ. ಕಿಟಕಿಗಳನ್ನು ಚೆಂಡಿನ ಕಾಟಕ್ಕೆ ಎಂದೋ ಮೊಳೆ ಹೊಡೆದು ಮುಚ್ಚಿದ್ದಾರೆ. ನಲವತ್ತೆರಡು ಮಕ್ಕಳು, ಒಂದು ಫ್ಯಾನು, ಒಂದು ಗಡಿಯಾರ. ಆ ಮುಳ್ಳು ಟಿಕ್ ಟಿಕ್ ಎನ್ನುವಾಗ ನನಗೇ ಉಸಿರು ಕಟ್ಟುತ್ತದೆ, ಇನ್ನು ಅಲ್ಲಿ ನಿಂತ ಮಗುವಿಗೆ ಹೇಗಿರಬೇಡ?

ಆದರೂ ಹನ್ನೊಂದು ವರ್ಷದಲ್ಲಿ ನನ್ನ ತರಗತಿಯ ಒಂದು ಮಗುವೂ ಭಾಷಣದಲ್ಲಿ ಫೇಲಾಗಿಲ್ಲ ಎಂದು ನಾನು ಕೊಚ್ಚಿಕೊಳ್ಳುತ್ತಿದ್ದೆನಲ್ಲ, ಅದರ ಗುಟ್ಟು ನಿನಗೂ ಹೇಳಿರಲಿಲ್ಲ. ನಾನು ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ಹೆಡ್‌ಮಾಸ್ಟರು ಮುಂದೆ ಗಡಿಯಾರ ನೋಡುತ್ತಿರುತ್ತಾರೆ, ಅವರ ಬೆನ್ನು ನನ್ನ ಕಡೆಗೆ. ನಾನು ಇಡೀ ಭಾಷಣವನ್ನು ಶಬ್ದವಿಲ್ಲದೆ ತುಟಿಯಲ್ಲಿ ಹೇಳುತ್ತೇನೆ. ಮಕ್ಕಳು ನನ್ನ ತುಟಿ ನೋಡಿ ಹೇಳುತ್ತಾರೆ. ಅದಕ್ಕೆ ಒಂದು ತಿಂಗಳು ಮೊದಲಿಂದ ತಾಲೀಮು ಕೊಡುತ್ತೇನೆ. ಹೋದ ವರ್ಷ ನಡುವೆ ನನ್ನ ಬಾಯಿಗೆ ಸೊಳ್ಳೆ ಹೊಕ್ಕು ‘ಥೂ’ ಎಂದೆ. ಹಲಗೆಯ ಮೇಲಿದ್ದ ಹುಡುಗ, ನಾವು ಅವನನ್ನು ರೇಡಿಯೋ ಎನ್ನುತ್ತೇವೆ, ಗಣಿತದಲ್ಲಿ ಫೇಲಾಗಿ ಈ ವರ್ಷವೂ ನನ್ನ ತರಗತಿಯಲ್ಲೇ ಇದ್ದಾನೆ, "ಮರಗಳು ನಮ್ಮ ಮಿತ್ರರು, ಥೂ, ಮರಗಳು ನಮಗೆ ನೆರಳು ಕೊಡುತ್ತವೆ" ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಹೆಡ್‌ಮಾಸ್ಟರು ತಿರುಗಿ ನೋಡಿದರು, ನಾನು ಪುಸ್ತಕದಲ್ಲಿ ಮುಖ ಹುದುಗಿಸಿದೆ. ಎಷ್ಟು ಸಲ ಇದನ್ನು ನೆನೆದು ಒಬ್ಬಳೇ ನಕ್ಕಿದ್ದೇನೋ.

ಈ ವರ್ಷ ಆ ನಗು ನಿಂತಿತು. ಬೇರೆ ಶಾಲೆಯಲ್ಲಿ ಏಳನೇ ತರಗತಿ ಫೇಲಾಗಿ ನಮ್ಮಲ್ಲಿಗೆ ಬಂದ ಹುಡುಗಿ ಒಬ್ಬಳಿದ್ದಾಳೆ. ಅವಳ ಅಪ್ಪನದು ಬಸ್ ನಿಲ್ದಾಣದ ಎದುರು ಬಟ್ಟೆ ಇಸ್ತ್ರಿ ಮಾಡುವ ಅಂಗಡಿ. ಮಕ್ಕಳು ಅವಳನ್ನು ಇಸ್ತ್ರಿ ಎಂದೇ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ. ಕೇಳಿದ್ದಕ್ಕೆ ತಲೆಯಾಡಿಸುತ್ತಾಳೆ, ಅಷ್ಟೇ ಅವಳ ಮಾತು. ಅವಳಿಗೆ ಬಂದ ವಿಷಯ ಸಮಯ ಪಾಲನೆ. ಮೊದಲ ಸರದಿಯಲ್ಲಿ ಹಲಗೆ ಹತ್ತಿ, ಲಂಗ ಹಿಡಿದುಕೊಂಡು, ಮೂರು ನಿಮಿಷವೂ ಬಾಯಿ ಬಿಡದೆ ನಿಂತಳು. ಹಿಂದಿನಿಂದ ತುಟಿ ಆಡಿಸಿ ಆಡಿಸಿ ನನಗೆ ದವಡೆ ನೋವು ಬಂತು. ಅವಳು ನನ್ನನ್ನೇ ನೋಡುತ್ತಿದ್ದಳು, ಕಣ್ಣು ತುಂಬಿಕೊಂಡಿತ್ತು.

ಸಂಜೆ ಅವಳ ಅಪ್ಪ ಬಂದ. ಕೆಟ್ಟ ಮನುಷ್ಯನಲ್ಲ, ಸೋತ ಮನುಷ್ಯ. "ಇನ್ನೊಂದು ಚಾನ್ಸ್ ಇದೆಯಂತಲ್ಲ ಮೇಡಂ. ಅದ್ರಲ್ಲೂ ಆಗ್ಲಿಲ್ಲ ಅಂದ್ರೆ ಸಾಕು, ಬಿಡಿಸಿಬಿಡ್ತೀನಿ. ಅಂಗಡೀಲಿ ಎರಡನೇ ಟೇಬಲ್ ಖಾಲಿ ಬಿದ್ದಿದೆ" ಎಂದ. ಆ ಹುಡುಗಿ ಅಪ್ಪನ ಹಿಂದೆ ನಿಂತು ತನ್ನ ಚಪ್ಪಲಿ ನೋಡುತ್ತಿದ್ದಳು. ಹದಿಮೂರು ವರ್ಷದವಳಿಗೆ ಇಡೀ ಬದುಕಿನ ಜಾಗ ಒಂದು ಟೇಬಲ್ಲಿನಷ್ಟು ಎಂದು ಅಷ್ಟು ಸಲೀಸಾಗಿ ಹೇಳಿದನಲ್ಲ.

ಹತ್ತು ದಿನ, ಶಾಲೆ ಬಿಟ್ಟ ಮೇಲೆ, ಮುರಿದ ಬೆಂಚು ತುಂಬಿಟ್ಟ ಕೋಣೆಯಲ್ಲಿ ಇಬ್ಬರೇ ಕೂತೆವು. ‘ಸಮಯವು ಅಮೂಲ್ಯವಾದ ಸಂಪತ್ತು’ ಎಂದು ನಾನು, ‘ಸಮಯವು ಅಮೂಲ್ಯವಾದ ಸಂಪತ್ತು’ ಎಂದು ಅವಳು. ನನ್ನ ಮುಖ ನೋಡಿದರೆ ಪೂರ್ತಿ ಹೇಳುತ್ತಾಳೆ. ನಾನು ತಿರುಗಿ ನಿಂತರೆ ಬಾಯಿಗೆ ಬೀಗ. ಆರನೇ ದಿನ ನನಗೆ ತಾಳ್ಮೆ ಕೆಟ್ಟು, "ಏನಾದ್ರೂ ಹೇಳೇ ಮಾರಾಯ್ತಿ!" ಎಂದು ಬೆಂಚು ಕುಟ್ಟಿದೆ. ಅವಳು ನನ್ನ ರವಿಕೆಯ ತೋಳು ನೋಡುತ್ತ, "ಮಿಸ್, ನಂಗೆ ಗೊತ್ತಿರೋದು ಹೇಳ್ಬಹುದಾ?" ಎಂದಳು.

"ಏನು ಗೊತ್ತು ನಿಂಗೆ?"

"ನಿಮ್ ತೋಳಿನ ಮಡಿಕೆ ತಪ್ಪಾಗಿದೆ. ಹೊಲಿಗೆ ಕೆಳಗಡೆ ಬರ್ಬೇಕು. ಯಾರು ಮಾಡಿದ್ದು?"

ಮಾಡಿದವಳು ನಾನೇ. ನಕ್ಕುಬಿಟ್ಟೆ. ಆಮೇಲೆ ಅವಳು ಹತ್ತು ನಿಮಿಷ ಎಡಬಿಡದೆ ಮಾತಾಡಿದಳು. ಯಾವ ಬಟ್ಟೆಗೆ ಎಷ್ಟು ಕಾವು, ಗುಂಡಿಯ ಸುತ್ತ ಹೇಗೆ ಹೋಗಬೇಕು, ಎಲ್ಲ. ಮರುದಿನ ನಾನು ಹೆಡ್‌ಮಾಸ್ಟರ ಹತ್ತಿರ ಹೋಗಿ, ಅವಳು ತನ್ನ ಮಾತಿನಲ್ಲೇ ಹೇಳಲಿ ಎಂದು ಕೇಳಿದೆ. "ಮೇಡಂ, ಕಟ್ಟಲ್ಲಿರೋದು ಹೇಳಿದ್ರೆ ಯಾರೂ ಏನೂ ಕೇಳಲ್ಲ. ಮಕ್ಕಳು ಸ್ವಂತ ಮಾತಾಡಿದ್ರೆ ಮೇಲಿನವರು ನನ್ನ ಕೇಳ್ತಾರೆ. ನಂಗೆ ರಿಟೈರ್ ಆಗೋಕೆ ಎರಡು ವರ್ಷ ಇದೆ, ಬಿಟ್ಬಿಡಿ" ಎಂದು ಕೈ ಮುಗಿದರು. ಅವರೂ ಚಿಲಕ ಹಾಕಿದ ಕೋಣೆಯಲ್ಲೇ ಇದ್ದಾರೆ, ಪಾಪ. ನಾನು ವಾದಿಸಲಿಲ್ಲ. ಹಿಂತಿರುಗಿ ಬಂದು ಮತ್ತೆ ‘ಸಮಯವು ಅಮೂಲ್ಯವಾದ ಸಂಪತ್ತು’ ಶುರು ಮಾಡಿದೆ. ಆ ಹುಡುಗಿಯ ಮುಖದಲ್ಲಿ ಬಂದಿದ್ದ ಕಳೆ ಇಳಿದುಹೋದದ್ದನ್ನು ಕಂಡೂ ಕಾಣದ ಹಾಗೆ ಇದ್ದೆ.

ನಿನ್ನೆ ಅವಳ ಕೊನೆಯ ಸರದಿ. ಚಿಲಕ ಬಿತ್ತು. ಅವಳು ಹತ್ತಿದಳು. ಕೊನೆಯ ಬೆಂಚಿನಿಂದ ನಾನು ತುಟಿ ಆಡಿಸಲು ಶುರು ಮಾಡಿದೆ. ಅವಳು ನನ್ನನ್ನು ನೋಡಿದಳು, ಮಾತಿಲ್ಲ. ನಾನು ಮತ್ತೆ ಮೊದಲಿಂದ ಹೇಳಿದೆ, ಇನ್ನೂ ದೊಡ್ಡದಾಗಿ ಬಾಯಿ ತೆರೆದು. ಅರ್ಧ ನಿಮಿಷ ಹೋಯಿತು. ರೇಡಿಯೋ ಉಗುರು ಕಚ್ಚುತ್ತಿದ್ದ. ಆಗ ಅವಳು ಕೈಯೆತ್ತಿದಳು, ತರಗತಿಯಲ್ಲಿ ಪ್ರಶ್ನೆ ಕೇಳುವವರ ಹಾಗೆ.

"ಮಿಸ್, ನೀವು ಸ್ವಲ್ಪ ಸುಮ್ನಿರ್ತೀರಾ? ನಂಗೆ ನನ್ ಮಾತು ಕೇಳಿಸ್ತಿಲ್ಲ."

ಸಾಸಿವೆ, ನಾನು ಒಂದು ಶಬ್ದವನ್ನೂ ಮಾಡಿರಲಿಲ್ಲ.

ನಲವತ್ತೊಂದು ತಲೆಗಳು ಹಿಂದಕ್ಕೆ ತಿರುಗಿದವು. ಹೆಡ್‌ಮಾಸ್ಟರೂ ತಿರುಗಿದರು. ನನ್ನ ಬಾಯಿ ತೆರೆದೇ ಇತ್ತು, ಹನ್ನೊಂದು ವರ್ಷದ ಕಳ್ಳತನ ಬಟಾಬಯಲು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅವಳು ಶುರು ಮಾಡಿದಳು.

"ಸಮಯ ಪಾಲನೆ. ನಮ್ಮಂಗಡೀಲಿ ಗಡಿಯಾರ ಇಲ್ಲ. ಬ್ಯಾಂಕಿನವರ ಶರ್ಟ್ ಮೊದಲು, ಅವ್ರು ಬೇಗ ಹೋಗ್ತಾರೆ. ಆಮೇಲೆ ನರ್ಸಮ್ಮನ ಬಿಳಿ ಕೋಟು. ಇಸ್ತ್ರಿ ಪೆಟ್ಟಿಗೆ ಕಾದಿದೆಯಾ ನೋಡೋಕೆ ಒಂದು ಹನಿ ನೀರು ಹಾಕ್ತೀವಿ. ಚುಯ್ ಅಂದ್ರೆ ಸರಿ, ಸುಮ್ನಿದ್ರೆ ಕಾಯ್ಬೇಕು. ಒಂದಿನ ನಾನು ಮಾತಾಡ್ತಾ ಮಾತಾಡ್ತಾ ಪೆಟ್ಟಿಗೆನ ಕೋಟಿನ ಮೇಲೇ ಬಿಟ್ಟೆ. ಹತ್ತು ಎಣಿಸೋಷ್ಟು ಹೊತ್ತು, ಅಷ್ಟೇ. ಸುಟ್ಟೋಯ್ತು. ಬಾಯಿ ಮುಚ್ಕೊಂಡು ಕೆಲಸ ಮಾಡು ಅಂದ್ರು ಅಪ್ಪ. ಅವತ್ತಿಂದ ನಾನು ಮಾತಾಡೋದು ಬಿಟ್ಟೆ. ಎರಡು ವರ್ಷ ಆಯ್ತು. ಹತ್ತು ಎಣಿಸೋ ಹೊತ್ತಲ್ಲಿ ಎಷ್ಟು ಹೋಗತ್ತೆ ಅಂತ ನಂಗೆ ಗೊತ್ತು."

ಇನ್ನೂ ಹೇಳಿದಳು, ಕಾಲರ್ ಮೊದಲು, ಭುಜ ಆಮೇಲೆ, ಬೆನ್ನು ಕೊನೆಗೆ ಎಂದೆಲ್ಲ. ಗಂಟೆ ಬಾರಿಸಿದಾಗ ಅವಳಿಗೆ ಹೇಳುವುದು ಮುಗಿದಿರಲಿಲ್ಲ. "ಇನ್ನೂ ಪ್ಯಾಂಟು ಇತ್ತು" ಎಂದು ಗೊಣಗುತ್ತ ಇಳಿದಳು. ರೇಡಿಯೋ ಚಪ್ಪಾಳೆ ಹೊಡೆದ, ಮಿಕ್ಕವರೂ ಹೊಡೆದರು.

ಹೆಡ್‌ಮಾಸ್ಟರು ಪುಸ್ತಕವನ್ನು ನನ್ನ ಮುಂದೆ ತಳ್ಳಿದರು. "ನಿಮ್ಮ ಕ್ಲಾಸು, ನೀವೇ ಮಾರ್ಕ್ಸ್ ಹಾಕಿ. ಕಟ್ಟು ಬಿಟ್ಟು ಹೇಳಿದ್ದಕ್ಕೂ, ನೀವು ಹಿಂದೆ ಕೂತು ಮಾಡ್ತಿದ್ದದ್ದಕ್ಕೂ ಸೋಮವಾರ ವಿವರಣೆ ಕೊಡಿ" ಎಂದರು. ನಾನು ಪಾಸು ಮಾಡಿದೆ. ಹುಡುಗಿ ಎಂಟನೆಯದಕ್ಕೆ ಹೋಗುತ್ತಾಳೆ, ಎರಡನೇ ಟೇಬಲ್ ಖಾಲಿಯೇ ಇರಲಿ. ನನಗೆ ಏನಾಗುತ್ತದೋ ಗೊತ್ತಿಲ್ಲ. ದೂರದ ಶಾಲೆಗೆ ಎತ್ತಿಹಾಕಬಹುದು. ಹಾಕಿದರೆ ಹಾಕಲಿ, ಅಲ್ಲಾದರೂ ಕಿಟಕಿ ತೆರೆಯಬಹುದೇನೋ.

ಆದರೆ ‘ನೀವು ಸ್ವಲ್ಪ ಸುಮ್ನಿರ್ತೀರಾ’ ಎಂಬ ಅವಳ ಮಾತು ನಿನ್ನೆಯಿಂದ ನನ್ನನ್ನು ಬಿಡುತ್ತಿಲ್ಲ. ರಜೆಯಲ್ಲಿ ನಿಮ್ಮ ಮನೆಗೆ ಬಂದಿದ್ದಾಗ ನಾನು "ಹೇಗಿದ್ದೀಯೇ?" ಎಂದೆ. ನೀನು ತಲೆಯೆತ್ತುವ ಮೊದಲೇ ನಿಮ್ಮವರು "ಅವಳಿಗೇನು, ಆರಾಮಾಗಿದ್ದಾಳೆ" ಎಂದರು. ನಿನ್ನ ಲೋಟಕ್ಕೆ ಟೀ ಬಗ್ಗಿಸಲು ಹೋದರೆ "ಅವಳು ಟೀ ಬಿಟ್ಟಿದ್ದಾಳೆ" ಎಂದರು. ದಿನಕ್ಕೆ ಐದು ಸಲ ಕುಡಿಯುತ್ತಿದ್ದವಳು ನೀನು. ಮುಂದಿನ ಬಾಗಿಲಿಗೆ ಅವರು ಹೊರಗಿನಿಂದ ಬೀಗ ಹಾಕಿಕೊಂಡು ಅಂಗಡಿಗೆ ಹೋದಾಗ, ಕಳ್ಳರ ಭಯ ಎಂದು ನೀನೇ ಸಮಜಾಯಿಷಿ ಕೊಟ್ಟೆ. ನಾನು ಒಳಗೇ ಇದ್ದೆ, ನಿನ್ನ ಜೊತೆ, ಸಂಜೆಯವರೆಗೆ. ವಾಪಸು ಬರುವಾಗ ಬಸ್ಸಿನಲ್ಲಿ ಅವರನ್ನು ಮನಸಾರೆ ಬೈದೆ.

ಮುಂದಿನ ತಿಂಗಳ ಮೊದಲ ಭಾನುವಾರ ಬರುತ್ತೇನೆ. ಅವರೆದುರೇ ಹೇಗಿದ್ದೀಯಾ ಎಂದು ಕೇಳುತ್ತೇನೆ. ಅವರು ಉತ್ತರ ಕೊಟ್ಟರೆ, ನಿಮ್ಮನ್ನಲ್ಲ ಕೇಳಿದ್ದು ಎನ್ನುತ್ತೇನೆ. ಆಮೇಲೆ ಕಾಯುತ್ತೇನೆ, ಮೂರು ನಿಮಿಷವಾದರೂ ಸರಿ, ಮೂರು ದಿನವಾದರೂ ಸರಿ. ನನ್ನ ಮನೆಗೆ ಬಂದುಬಿಡು ಎಂದು ನಾನು ಹೇಳುವುದಿಲ್ಲ, ಅಲ್ಲೇ ಇರು ಎಂದೂ ಹೇಳುವುದಿಲ್ಲ. ಹಾಸಿಗೆ ಇದೆ, ಜಾಗ ಇದೆ, ಅಷ್ಟು ಗೊತ್ತಿರಲಿ.

ಮೈ ನೋಡಿಕೋ. ನೀನು ಎಲ್ಲಿದ್ದರೂ ತಲೆಯೆತ್ತಿ ಬಾಳುವಂತಾಗಲಿ, ಇದು ಅಪ್ಪ ಅಮ್ಮ ಇಬ್ಬರೂ ಇಲ್ಲದ ಈ ಹೊತ್ತಿನಲ್ಲಿ ಹಿರಿಯಳಾಗಿ ನಾನು ಕೊಡುವ ಹರಕೆ.

ನಿನ್ನ
ಅಕ್ಕ

ತಾ.ಕ.: ಅಕ್ಕ ಎಂದು ಬರೆದು ಮಡಚಿದ್ದೆ. ಅಂಟು ಹಚ್ಚುವ ಮೊದಲು ಮತ್ತೆ ಬಿಡಿಸಿದ್ದೇನೆ. ನಿಮ್ಮವರ ಮನೆಯವರು ನಿನ್ನನ್ನು ನೋಡಲು ನಮ್ಮ ಮನೆಗೆ ಬಂದ ದಿನ ನೆನಪಿದೆಯಲ್ಲ. ಮುಂದಿನ ಕೋಣೆಯಲ್ಲಿ ಎಲ್ಲರೂ ಕೂತಿದ್ದರು. ಅವರ ದೊಡ್ಡಪ್ಪ "ಹುಡುಗಿಗೆ ಒಪ್ಪಿಗೆನಾ, ಅವಳ ಬಾಯಿಂದಲೇ ಕೇಳೋಣ" ಎಂದರು. ಅಪ್ಪ ನಿನ್ನನ್ನು ನೋಡಿದರು. ನೀನು ನನ್ನನ್ನು ನೋಡಿದೆ. ನೀನು ಬಾಯಿ ತೆರೆದೆ. ನಾನು "ಅವಳಿಗೆ ನಾಚಿಕೆ, ಒಪ್ಪಿಗೆ ಇದೆ" ಎಂದುಬಿಟ್ಟೆ. ಎಲ್ಲರೂ ನಕ್ಕರು. ನೀನು ಏನು ಹೇಳಲು ಹೊರಟಿದ್ದೆ ಎಂದು ನನಗೆ ತಿಳಿಯಲಿಲ್ಲ ಎಂದು ಹತ್ತೊಂಬತ್ತು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಸುಳ್ಳು, ಸಾಸಿವೆ. ತಿಳಿದಿತ್ತು. ತಿಳಿದದ್ದಕ್ಕೇ ಅವಸರ ಮಾಡಿದೆ.