ಪುಣ್ಯದ ಸಾವು ಎನ್ನಬೇಡಿ, ಆಯಿ

ಗದಗ-ಬೆಟಗೇರಿ
ಫೆಬ್ರವರಿ ೩೦, ೨೧೩೮

ಗುರುಸಿದ್ದವ್ವ ಆಯಿಗೆ,

ನಿಮ್ಮ ಯಜಮಾನರು ಎದೆರೋಗದಿಂದ ಸತ್ತರು. ನೀವು ಅದನ್ನು ಪುಣ್ಯದ ಸಾವು ಎಂದು ಊರಿಗೆಲ್ಲ ಹೇಳಿದಿರಿ. ಅದು ತಪ್ಪು. ಆ ತಪ್ಪು ನಿಮ್ಮ ಮನೆಯಿಂದ ನಮ್ಮ ಮನೆಯವರೆಗೆ ನಡೆದು ಬಂದು, ಹೋದ ತಿಂಗಳು ನನ್ನ ಅಪ್ಪನನ್ನು ಕರೆದುಕೊಂಡು ಹೋಯಿತು.

ಹಿರಿಯರಿಗೆ ಹೀಗೆ ಮುಖಕ್ಕೆ ಹೊಡೆದಂತೆ ಬರೆಯಬಾರದು, ಗೊತ್ತು. ಮೇಲಿನ ತಾರೀಖು ಕಂಡು ನಿಮಗೆ ನಗುವೂ ಬಂದಿರಬಹುದು. ನಾವು ಎಲ್ಲ ತಿಂಗಳಿಗೂ ಮೂವತ್ತೇ ದಿನ ಹಂಚಿಕೊಂಡಿದ್ದೇವೆ. ವರ್ಷದ ಕೊನೆಗೆ ಮಿಕ್ಕ ದಿನಗಳಿಗೆ ಬಿಡುದಿನ ಎನ್ನುತ್ತೇವೆ, ಆಗ ಯಾರೂ ಕೆಲಸ ಮಾಡುವುದಿಲ್ಲ. ವಾರಗಳು ಮಾತ್ರ ನಿಮ್ಮವೇ. ಈ ಕಾಗದವನ್ನು ಹಿಂಬರಹದ ಪೆಟ್ಟಿಗೆಗೆ ಹಾಕುತ್ತಿದ್ದೇನೆ. ಹಿಂದಿನವರಿಗೆ ಬರೆದದ್ದನ್ನು ಅದು ಅವರ ಕಾಲಕ್ಕೇ ಒಯ್ಯುತ್ತದಂತೆ. ಉತ್ತರ ಬಂದದ್ದನ್ನು ಯಾರೂ ಕಂಡಿಲ್ಲ. ನಿಮಗೆ ಒಗ್ಗದ ಶಬ್ದಗಳು ಬಂದರೆ ಕ್ಷಮಿಸಿ. ನಾನು ನಿಮ್ಮ ಮಗ ವೀರಭದ್ರಪ್ಪನಿಂದ ಐದನೆಯ ತಲೆಯವಳು. ಹೆಸರು ಮಂದಾಕಿನಿ, ವಯಸ್ಸು ಇಪ್ಪತ್ತೆರಡು. ಡಾಕ್ಟರ್ ಅಲ್ಲ, ಕರಪತ್ರ ಓದಿ ಕಲಿತವಳು. ನಿಮ್ಮ ಕಾಲದಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ಪುಕ್ಕಟೆ ಕೊಡುತ್ತಿದ್ದ, ನೀವು ಮಿರ್ಚಿ ಭಜಿ ಕಟ್ಟಿಕೊಂಡು ಬಂದ ಅವೇ ಕರಪತ್ರಗಳು. ಎಣ್ಣೆಯ ಕಲೆಯ ಸಮೇತ ನಮ್ಮ ಗ್ರಂಥಾಲಯದಲ್ಲಿ ಗಾಜಿನೊಳಗೆ ಕಾಯ್ದಿಟ್ಟಿದ್ದಾರೆ.

ನಮ್ಮಲ್ಲಿ ಪ್ರತಿ ಓಣಿಗೂ ಒಂದು ಎದೆಕಟ್ಟೆ, ಅಂದರೆ ಹೃದಯ ತಪಾಸಣೆಯ ಕಟ್ಟೆ, ಇದೆ. ವರ್ಷಕ್ಕೊಮ್ಮೆ, ಹುಟ್ಟಿದ ತಿಂಗಳಲ್ಲಿ, ದೊಡ್ಡವರೆಲ್ಲ ಅಲ್ಲಿಗೆ ಹೋಗುತ್ತಾರೆ. ಕಟ್ಟೆಯಕ್ಕ, ಅಂದರೆ ನಿಮ್ಮ ನರ್ಸಮ್ಮ, ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಾಳೆ. ಬೆರಳಿನಿಂದ ರಕ್ತದ ಹನಿ ತೆಗೆದು ಸಕ್ಕರೆ, ಕೊಬ್ಬು ನೋಡುತ್ತಾಳೆ. ಸೊಂಟ ಅಳೆಯುತ್ತಾಳೆ, ತಂಬಾಕು ಉಂಟೇ ಎಂದು ಕೇಳುತ್ತಾಳೆ. ಕೊನೆಗೆ ಒಂದು ಬಟ್ಟಲಿನಲ್ಲಿ ನೂರು ಕಾಳು ಹಾಕಿ ಕೊಡುತ್ತಾಳೆ: ಬಿಳಿ ಜೋಳ, ನಡುವೆ ಕೆಂಪು ಗುಲಗಂಜಿ. ನಮ್ಮಂಥ ನೂರು ಜನರಲ್ಲಿ ಎಷ್ಟು ಮಂದಿಗೆ ಮುಂದಿನ ಹತ್ತು ವರ್ಷದೊಳಗೆ ಎದೆ ಕೈಕೊಡಬಹುದೋ ಅಷ್ಟು ಗುಲಗಂಜಿ. ಅಂಕಿ ಹೇಳಿದರೆ ಜನ ಮರೆಯುತ್ತಾರೆ. ಬಟ್ಟಲು ಮನೆಯ ಗೂಡಿನಲ್ಲಿ ಕೂತು ದಿನಾ ಕಣ್ಣಿಗೆ ಬೀಳುತ್ತದೆ. ತಂಬಾಕು ಬಿಟ್ಟವರು, ಬಿಪಿಯ ಗುಳಿಗೆ ತಪ್ಪಿಸದವರು, ಉಪ್ಪಿನಕಾಯಿಯ ಭರಣಿ ದೂರ ಸರಿಸಿದವರು, ದಿನಾ ಅರ್ಧ ತಾಸು ಬಿರುಸಾಗಿ ನಡೆದವರು ಮುಂದಿನ ವರ್ಷ ಕೆಲವು ಕೆಂಪು ಕಾಳು ಹಿಂದಿರುಗಿಸಿ ಬರುತ್ತಾರೆ. ಓಣಿಯ ಮಕ್ಕಳು ಅಡ್ಡಗಟ್ಟಿ, "ಕಾಕಾ, ಎಷ್ಟ್ ಕೆಂಪು ಕೊಟ್ಟ್ ಬಂದ್ರಿ?" ಎಂದು ಕಾಡುತ್ತಾರೆ.

ಇಷ್ಟೆಲ್ಲ ಇದ್ದೂ ನಾವು ಅಪ್ಪನನ್ನು ಉಳಿಸಿಕೊಳ್ಳಲಿಲ್ಲ. ಕಟ್ಟೆಯ ಯಂತ್ರಕ್ಕೆ ರಕ್ತ ಗೊತ್ತು, ಮನೆತನ ಗೊತ್ತಿಲ್ಲ. ಅದನ್ನು ಬಾಯಿಬಿಟ್ಟೇ ಹೇಳಬೇಕು. ತಂದೆ, ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಐವತ್ತೈದರೊಳಗೆ, ತಾಯಿ, ಅಕ್ಕತಂಗಿಯರಲ್ಲಿ ಯಾರಿಗಾದರೂ ಅರವತ್ತೈದರೊಳಗೆ ಎದೆರೋಗ ಬಂದಿತ್ತೇ ಎಂದು ಕೇಳುತ್ತಾರೆ. ಅಪ್ಪ ಪ್ರತಿ ವರ್ಷವೂ ಒಂದೇ ಉತ್ತರ ಕೊಡುತ್ತಿದ್ದ. "ನಮ್ಮನ್ಯಾಗ ಎದಿರೋಗ? ಏ, ಇಲ್ಲ ಬಿಡವಾ. ನಮ್ಮೋರು ಹಾಸಿಗಿ ಹಿಡದು ನರಳಿದವರಲ್ಲ. ಎಲ್ಲಾರ್ದೂ ಪುಣ್ಯಾದ ಸಾವು." ಕಟ್ಟೆಯಕ್ಕನೂ, "ಭಾಗ್ಯವಂತರು ಬಿಡ್ರಿ" ಎಂದು ಅದನ್ನೇ ನಂಬಿ ಆರೇ ಗುಲಗಂಜಿ ಹಾಕುತ್ತಿದ್ದಳು. ಅಪ್ಪ ಸುಳ್ಳು ಹೇಳಲಿಲ್ಲ. ಅವನಿಗೆ ಹೇಳಿಕೊಟ್ಟದ್ದನ್ನು ಹೇಳಿದ.

ನಮ್ಮ ಪಡಸಾಲೆಯಲ್ಲಿ ಮಾಲೆ ಹಾಕಿದ ನಾಲ್ಕು ಫೋಟೋ ಇದ್ದವು. ಮೊದಲನೆಯದು ನಿಮ್ಮ ಯಜಮಾನರದು, ಎರಡನೆಯದು ನಿಮ್ಮ ವೀರಭದ್ರಪ್ಪನದು. ನಾಲ್ವರ ಮೀಸೆಯೂ ಕಪ್ಪು. ಒಬ್ಬರ ತಲೆಯೂ ನರೆತಿಲ್ಲ. ಆ ಗೋಡೆಯ ಕೆಳಗೆ ದಿನಾ ಕೂತು ಉಂಡ ನಾವು ಯಾರೂ ಅದನ್ನು ನೋಡಲಿಲ್ಲ.

ಇನ್ನೊಂದು ಪದ್ಧತಿಯೂ ನಿಮ್ಮಿಂದಲೇ ಬಂದಿದೆ. ಹಿರಿಯರ ಎಡೆಯಲ್ಲಿ ಹೋಳಿಗೆಯ ಪಕ್ಕ ನಾವು ಒಂದು ಬಾಟಲಿ ಸೋಡಾ ಇಡುತ್ತೇವೆ. ಯಾಕೆಂದು ಕೇಳಿದರೆ, ನಮ್ಮ ಗಂಡಸರಿಗೆ ಸೋಡಾ ಅಂದರೆ ಪ್ರಾಣ, ಕೊನೆಗಾಲದಲ್ಲೂ ಅದನ್ನೇ ಕೇಳಿದರು ಎನ್ನುತ್ತಾರೆ. ಹೋದ ತಿಂಗಳು ಅಪ್ಪ ಉಂಡು ಎದ್ದವನು ಎದೆ ಒತ್ತಿಕೊಂಡು ಕೂತ. ಅಂಗಿ ಬೆವರಿನಿಂದ ತೊಯ್ದಿತ್ತು. "ಗ್ಯಾಸ್ ಆಗೇತಿ, ಸೋಡಾ ತರ್ರಿ" ಎಂದ. ಅಣ್ಣ ಸಂಗಮೇಶ ಅಂಗಡಿಗೆ ಓಡಿದ. ಅವ್ವ ಬೆನ್ನು ನೀವಿದಳು. ಕರೆದರೆ ಆಸ್ಪತ್ರೆಯ ಗಾಡಿ ಬಾಗಿಲಿಗೇ ಬರುತ್ತಿತ್ತು, ಯಾರೂ ಕರೆಯಲಿಲ್ಲ. ಅಪ್ಪ ಸೋಡಾ ಕುಡಿದು ಗೋಡೆಗೆ ಒರಗಿದ. ಅವನಿಗೆ ಐವತ್ತಮೂರು.

ಬಂದವರೆಲ್ಲ, "ಪುಣ್ಯವಂತ, ಯಾರ ಕಡಿಂದನೂ ಒಂದ್ ಹನಿ ನೀರು ಕೇಳಲಿಲ್ಲ" ಎಂದರು. ನನಗೆ ತಡೆಯಲಾಗಲಿಲ್ಲ. "ಸೋಡಾ ಕೇಳಿದ್ನಲ್ರೀ!" ಎಂದು ಕೂಗಿದೆ. ಕೂಗಿದ ಮೇಲೆ ನನಗೇ ಹೊಳೆಯಿತು. ಎದೆಯ ನೋವನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ ಎಂದು ಆ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿದೆ. ಒಬ್ಬರಲ್ಲ ಆಯಿ, ಐವರೂ ಅದನ್ನೇ ಕೇಳಿದ್ದರು. ನಾವು ಅವರ ನೋವನ್ನು ಬಾಟಲಿಯಲ್ಲಿ ತುಂಬಿ ಎಡೆಗೆ ಇಡುತ್ತಾ ಬಂದಿದ್ದೇವೆ.

ಸಂಗಮೇಶನಿಗೆ ಈಗ ಮೂವತ್ತು. ತಂಬಾಕು ತಿಕ್ಕುತ್ತಾನೆ. ಕಟ್ಟೆಗೆ ನಡೆ, ಈ ಸಲ ನಿಜ ಹೇಳು ಎಂದರೆ ಹರಿಹಾಯ್ದ. "ಬಂದ್ಲು ನೋಡ್ರಿ, ಕರಪತ್ರದ ಡಾಕ್ಟರವ್ವ! ಮನಿತನಕ್ಕ ಎದಿರೋಗ ಐತಂತ ಓಣಿಗೆಲ್ಲ ಸಾರಿದ್ರ, ನಾಳಿ ನಿನ್ನ ಯಾರು ಮದಿವಿ ಆಗ್ತಾರ?" ಆಗದಿದ್ದರೆ ಬಿಡಲಿ, ನನಗೆ ನೀನು ಬೇಕು ಎಂದೆ. ಅವನು ಎದ್ದು ಹೋದ. ನಿನ್ನೆ ಸಂಜೆ ಬಂದು ತಂಬಾಕಿನ ಡಬ್ಬಿಯನ್ನು ಅಪ್ಪನ ಫೋಟೋದ ಮುಂದೆ ಇಟ್ಟ. "ಸೋಮಾರ ಬರ್ತೀನಿ. ಆದ್ರ ಹೇಳೋದು ನೀನ ಹೇಳು. ನನ್ನ ಬಾಯಿಂದ ಬರಂಗಿಲ್ಲ" ಎಂದ.

ನಿಮ್ಮನ್ನು ದೂರಿ ಬರೆದೆ, ನಿಜ. ಆದರೆ ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡವರು ನೀವು. ಅವರು ನರಳಲಿಲ್ಲ ಎಂದು ನಂಬದೆ ಆ ರಾತ್ರಿಗಳನ್ನು ಹೇಗೆ ಕಳೆಯುತ್ತಿದ್ದಿರಿ? ಅದು ನಿಮಗೊಬ್ಬರಿಗೇ ಬೇಕಾಗಿದ್ದ ಸಮಾಧಾನ. ನಾವು ಅದನ್ನು ಮನೆತನದ ಹೆಮ್ಮೆ ಮಾಡಿಕೊಂಡೆವು.

ಈ ಕಾಗದ ನಿಮ್ಮ ಕೈ ಸೇರುವಾಗ ವೀರಭದ್ರಪ್ಪನಿಗೆ ಮೂವತ್ತಾರು ಇರಬೇಕು, ಎಲ್ಲರಂತೆ ನಗುತ್ತ ಓಡಾಡಿಕೊಂಡಿರಬೇಕು. ಅವನನ್ನು ಕೂರಿಸಿಕೊಂಡು ಹೇಳಿ: ನಿಮ್ಮಪ್ಪಗ ಎದಿ ನೋವು ಬಂದಿತ್ತು, ಬೆವರು ಬಂದಿತ್ತು, ವಯಸ್ಸು ನಲವತ್ತಾರು. ರಕ್ತದಲ್ಲಿ ಬಂದದ್ದು ತೀರ್ಪಲ್ಲ. ಬೇಗ ಗೊತ್ತಾದರೆ ಬಿಪಿ ಇಳಿಸಬಹುದು, ಕೊಬ್ಬು ಇಳಿಸಬಹುದು, ತಂಬಾಕು ಬಿಡಬಹುದು, ಮೀಸೆ ನರೆಯುವವರೆಗೆ ಬದುಕಬಹುದು. ನಿಮ್ಮ ಕಾಲದಲ್ಲಿ ಬಟ್ಟಲು, ಗುಲಗಂಜಿ ಇಲ್ಲ. ಆದರೆ ತೋಳಿಗೆ ಸುತ್ತುವ ಪಟ್ಟಿ ಇದೆ, ಕೇಳುವ ಡಾಕ್ಟರ್ ಇದ್ದಾರೆ. ಅವರು ಕೇಳದಿದ್ದರೂ ನೀವೇ ಹೇಳಿ.

ಬೆಟಗೇರಿಯ ಆಸ್ಪತ್ರೆಯ ಮುಂದೆ ನಿಮ್ಮ ಕಾಲದಲ್ಲಿ ಒಂದು ಎಳೆಯ ಬೇವಿನ ಗಿಡ ಇರುತ್ತದೆ. ನಮ್ಮ ಕಾಲಕ್ಕೆ ಅದು ನಮ್ಮ ಓಣಿಯ ಎದೆಕಟ್ಟೆಗೆ ಪೂರ್ತಿ ನೆರಳಾಗಿದೆ. ನಾನು ಅಣ್ಣನನ್ನು ಕರೆದುಕೊಂಡು ಅದರ ಕೆಳಗೆ ನಿಂತಿರುತ್ತೇನೆ. ನೀವು ಮಗನನ್ನು ಕರೆದುಕೊಂಡು ಬನ್ನಿ, ಆಯಿ. ಬರುವ ಸೋಮವಾರ, ಬೆಳಿಗ್ಗೆ ಎಂಟು ಗಂಟೆಗೆ.