‘ಕೂದಲು ತಾನೇ’ ಎಂದ ಅಧಿಕಾರಿಗೆ

ಮಾನ್ಯ ಗ್ರಾಹಕ ಹಿತರಕ್ಷಣಾಧಿಕಾರಿಗಳೇ,

ತಾವು ನನ್ನ ಅಕ್ಕನ ದೂರನ್ನು ವಜಾ ಮಾಡಿದ್ದೀರಿ. ಅದಕ್ಕೂ ಮೊದಲು ಅವಳ ಮುಂದೆ ಒಂದು ಜೋಕು ಹೊಡೆದಿರಿ. ವಜಾ ಮಾಡುವ ಅಧಿಕಾರ ಕಾನೂನು ಕೊಟ್ಟದ್ದು. ಜೋಕಿನ ಅಧಿಕಾರ ಯಾರು ಕೊಟ್ಟದ್ದೆಂದು ಕೇಳಲು ಬರೆಯುತ್ತಿದ್ದೇನೆ.

ಅಕ್ಕ ಹಲ್ಲಿನ ಆಸ್ಪತ್ರೆಯೊಂದರಲ್ಲಿ ಬಂದವರ ಹೆಸರು ಬರೆದುಕೊಂಡು ಕೂರಿಸುವ ಕೆಲಸದಲ್ಲಿದ್ದಳು. “ಮುಂದೆ ಕೂರೋರು ಸ್ವಲ್ಪ ಫ್ರೆಶ್ಶಾಗಿ ಕಾಣ್ಬೇಕಮ್ಮ” ಎಂದರು ಡಾಕ್ಟರು, ಅವಳ ಬೈತಲೆಯ ನರೆ ನೋಡಿ. ನನ್ನದು ಕ್ಷೌರದಂಗಡಿ. ಬಾ, ನಾನೇ ಬಣ್ಣ ಹಚ್ಚುತ್ತೇನೆ ಎಂದೆ. “ಗಂಡಸರ ಮಧ್ಯೆ ಬಂದು ಕೂರ್ಲೇನೋ? ಫೋನಲ್ಲೇ ತರಿಸ್ತೀನಿ. ಸಾವಿರಾರು ಜನ ಚೆನ್ನಾಗಿದೆ ಅಂತ ಬರ್ದಿದ್ದಾರೆ” ಎಂದಳು.

ಹಚ್ಚಿಕೊಂಡ ಮರುದಿನ ಮುಖ ಊದಿ ಕಣ್ಣು ಮುಚ್ಚಿಹೋಯಿತು. ನೆತ್ತಿಯ ತುಂಬ ಬೊಬ್ಬೆ, ಕೂದಲು ಹಿಡಿಹಿಡಿಯಾಗಿ ಉದುರಿತು. ಮುಲಾಮು ಹಚ್ಚಲು ಉಳಿದ ಕೂದಲನ್ನೂ ತೆಗೆಯಬೇಕಾಯಿತು. ಅಂಗಡಿಯ ಬಾಗಿಲು ಎಳೆದುಕೊಂಡು, ಅವಳನ್ನು ಕನ್ನಡಿಗೆ ಬೆನ್ನು ಮಾಡಿ ಕೂರಿಸಿ ನಾನೇ ಬೋಳಿಸಿದೆ. “ಅರ್ಧಂಬರ್ಧ ಬಿಡ್ಬೇಡ ಕಣೋ” ಎಂದಳು, ಅಷ್ಟೇ. ನೆತ್ತಿಯಲ್ಲಿ ಇನ್ನು ಕೂದಲು ಹುಟ್ಟುವುದಿಲ್ಲವಂತೆ. ಆಸ್ಪತ್ರೆಯವರು ಅವಳನ್ನು ಹಿಂದಿನ ಕೋಣೆಗೆ, ಇಕ್ಕಳ ತೊಳೆಯಲು ಕಳಿಸಿದರು.

ಫೋನಿನಲ್ಲಿ ಬಣ್ಣ ಮಾರಿಸಿದ ಕಂಪನಿ, ತೆರೆದ ಡಬ್ಬಿ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದಿತು. ಡಬ್ಬಿ ತೆರೆಯದೆ ತಲೆ ಸುಟ್ಟುಕೊಳ್ಳುವ ವಿದ್ಯೆ ಅಕ್ಕನಿಗೆ ಬರುತ್ತಿರಲಿಲ್ಲ, ಕ್ಷಮಿಸಬೇಕು. ಹಾಗಾಗಿ ತಮ್ಮ ಕಚೇರಿಗೆ ಬಂದೆವು. ಅವಳು ಟೋಪಿ ತೆಗೆದು ತೋರಿಸಿದಳು. ತಾವು ಬೋಳುತಲೆ ಸವರಿಕೊಂಡು, “ಕೂದಲು ತಾನೇ, ಬಿಡಮ್ಮ. ನನ್ನ ನೋಡು, ನಾನೇನು ಯಾರ ಮೇಲಾದ್ರೂ ದೂರು ಕೊಟ್ಟಿದ್ದೀನಾ?” ಎಂದಿರಿ. ಗುಮಾಸ್ತರೆಲ್ಲ ನಕ್ಕರು. ಸಾಹೇಬರಿಗೆ ಬೇಜಾರಾದೀತೆಂದು ಅಕ್ಕನೂ ನಕ್ಕಳು. ತಮಗೆ ಮನೆಯಲ್ಲಿ ಅಕ್ಕತಂಗಿಯರಿಲ್ಲವೇ ಎಂದು ಕೇಳುವುದಿಲ್ಲ. ಇದ್ದರೆ, ಅವರ ಬಗ್ಗೆ ಮರುಕವಿದೆ.

ಆಮೇಲೆ ತಮ್ಮ ಆದೇಶ ಬಂತು. ಮಾರಿದವನ ವಿಳಾಸ ಸುಳ್ಳು, ಅವನು ಸಿಗುವುದಿಲ್ಲ. ಮಾರಿಸಿದ ಕಂಪನಿ ಬರೀ ಮಧ್ಯವರ್ತಿ, ಅದಕ್ಕೆ ಸಂಬಂಧವಿಲ್ಲ. ಸುಟ್ಟುಕೊಂಡವಳೊಬ್ಬಳು ಮಾತ್ರ ಕೈಗೆ ಸಿಕ್ಕಿದ್ದಾಳೆ. ಸೂಚನೆಗಳನ್ನು ಸರಿಯಾಗಿ ಓದದ್ದು ಅವಳದೇ ತಪ್ಪು. ಎಂಥ ಚುರುಕು ತನಿಖೆ!

ಈಗ ಅವಳ ಫೋನು ತೆರೆದರೆ ಸಾಕು, ಅದೇ ಕಂಪನಿ ವಿಗ್ಗು ತೋರಿಸುತ್ತದೆ. ಮೊನ್ನೆ ಒಂದು ಬಂದೂ ಬಿಟ್ಟಿತು. ಮತ್ತೆ ಅವರ ಹತ್ತಿರವೇ ಏಕೆ ಎಂದೆ. “ಅಂಗಡಿಗೆ ಹೋದ್ರೆ ಟೋಪಿ ತೆಗೀಬೇಕು. ಇಲ್ಲಿ ಯಾರೂ ನೋಡಲ್ವಲ್ಲ” ಎಂದಳು.

ಆ ಬಣ್ಣ ಈಗಲೂ ಮಾರಾಟಕ್ಕಿದೆ. ನಿಲ್ಲಿಸಿ. ದೂರನ್ನು ಮತ್ತೆ ತೆರೆಯಿರಿ. ಅದು ನಿರಪಾಯಕಾರಿಯೆಂಬ ನಂಬಿಕೆ ತಮಗಿನ್ನೂ ಇದ್ದರೆ, ಡಬ್ಬಿಯಲ್ಲಿ ಅರ್ಧ ಉಳಿದಿದೆ, ಅಂಗಡಿಗೆ ದಯಮಾಡಿಸಿ. ತಮ್ಮ ಮೀಸೆಗೆ ಪುಕ್ಕಟೆ ಹಚ್ಚಿಕೊಡುತ್ತೇನೆ. ಉರಿ ಹತ್ತಿದಾಗ ನಗುವುದಕ್ಕೆ ಜನರನ್ನೂ ನಾನೇ ಸೇರಿಸಿರುತ್ತೇನೆ.

ಇಂತಿ,
ಅಕ್ಕನ ತಲೆಯನ್ನು ಕೈಯಾರೆ ಬೋಳಿಸಿದ ತಮ್ಮ