ಮಧ್ಯಾಹ್ನದ ಗುಳಿಗೆ

ನಾಬೆಲ್,
೧೫ ಏಪ್ರಿಲ್

ನನ್ನ ಕರುಳ ಕುಡಿ ಸಿಹೆಮ್‌ಗೆ ಅಮ್ಮನ ನೂರು ಮುದ್ದು.

ಕಿವಿಗೊಟ್ಟು ಕೇಳು ಮಗಳೇ. ಹೂನೀರು ಇಳಿಸುವ ಭಟ್ಟಿ ಉರಿಯುತ್ತಿದೆ, ಅದರ ಮುಂದೆ ಕೂತಿರುವವಳು ಸಾಕ್ಷಾತ್ ನಾನೇ. ಹೋದ ವಸಂತದಲ್ಲಿ ಕಿತ್ತಳೆ ಹೂ ಬೇಯಿಸಲಿಟ್ಟು, ಬೆಂಕಿ ಆರಿಸುವುದನ್ನೇ ಮರೆತು ತಾಮ್ರದ ಹಂಡೆ ಸೀಯಿಸಿದೆ, ನಿಜ. "ಅಮ್ಮಾ, ನಿಂಗೆ ಅರಳುಮರಳು. ಇನ್ನು ಭಟ್ಟಿ ಮುಟ್ಟಬೇಡ" ಅಂದೆ ನೀನು. ಅಂದು ತಲೆ ತಗ್ಗಿಸಿದೆ. ಇಂದು ತಗ್ಗಿಸುವುದಿಲ್ಲ.

ರಂಜಾನ್ ಬಂತು. ನನ್ನ ಗುಳಿಗೆಗಳೆಲ್ಲ ಸಂಜೆ ಉಪವಾಸ ಬಿಡುವ ಹೊತ್ತಿಗೂ ನಸುಕಿನ ಊಟಕ್ಕೂ ಹಂಚಿಹೋದವು. ಮಧ್ಯಾಹ್ನದ್ದಕ್ಕೆ ಮಾತ್ರ ಜಾಗ ಸಿಗಲಿಲ್ಲ; ಬಿಟ್ಟೆ. ಹತ್ತೇ ದಿನ! ತಲೆಯೊಳಗಿನ ಮಂಜು ಸರಿಯಿತು. ಬೀದಿಯ ಮೂವತ್ತು ವರ್ಷದ ಜಗಳಗಳೆಲ್ಲ ಸಾಲಾಗಿ ನೆನಪಿಗೆ ಬಂದು ನಿಂತವು.

ದವಾಖಾನೆಯ ಡಾಕ್ಟರಮ್ಮನ ಮುಂದೆ ಚೀಲ ಸುರಿದೆ. ಹನ್ನೊಂದು ಬಗೆ. ಒಂದೊಂದನ್ನೂ ಎತ್ತಿ ಇದು ಯಾಕೆಂದು ಕೇಳಿದಳು. ರಕ್ತದೊತ್ತಡದ ಗುಳಿಗೆಯಿಂದ ಕಾಲು ಊದಿತು. ಊತ ಇಳಿಯಲು ಮೂತ್ರ ಹೋಗುವ ಗುಳಿಗೆ. ಆ ಮೂತ್ರ ತಡೆಯಲು ಮಧ್ಯಾಹ್ನದ ಗುಳಿಗೆ. ನನ್ನ ಬುದ್ಧಿಗೆ ಪರದೆ ಎಳೆದದ್ದು ಆ ಕೊನೆಯದಂತೆ. "ಇದು ಬೇಡವೇ ಬೇಡ ಅಜ್ಜಿ. ಉಳಿದದ್ದನ್ನ ಒಂದೊಂದಾಗಿ ನೋಡೋಣ. ನೀವಾಗೇ ಏನೂ ನಿಲ್ಲಿಸಬೇಡಿ" ಅಂದಳು.

ಪಕ್ಕದ ಮನೆಯ ತ್ರಾಕಿ ಬಿಡುತ್ತಾಳೆಯೇ? "ಮಗಳು ಟ್ಯೂನಿಸ್‌ನಲ್ಲಿ ಔಷಧದಂಗಡಿ ಇಟ್ಟವ್ಳೆ, ತಾಯಿ ನೋಡಿದ್ರೆ ಗುಳಿಗೆ ಬಿಟ್ಟವ್ಳೆ. ಜನ ಏನಂತಾರೆ ವಸೀಲಾ?" ಎಂದಳು. ಬಾಯಿ ನೋಯುವ ತನಕ ಅನ್ನಲಿ ಎಂದೆ. ನೀನೂ ಫೋನಿನಲ್ಲಿ ಅತ್ತುಬಿಟ್ಟೆ, ಗುಳಿಗೆ ನಿಲ್ಲಿಸಿದರೆ ಅಮ್ಮನನ್ನು ಕೈಬಿಟ್ಟಂತೆ ಎಂದು. ಹುಚ್ಚಿ, ಕೈಬಿಟ್ಟದ್ದು ಗುಳಿಗೆಯನ್ನು. ಅಮ್ಮ ಈಗ ತಾನೆ ಕೈಗೆ ಸಿಕ್ಕಿದ್ದಾಳೆ.

ಹಬ್ಬ ಮುಗಿದೊಡನೆ ನೀನು ಕಳಿಸಿದ ಮಧ್ಯಾಹ್ನದ ಗುಳಿಗೆಯ ಹೊಸ ಡಬ್ಬಿಯನ್ನು ಹಿಂದಕ್ಕೆ ಕಳಿಸುತ್ತೇನೆ, ಜೊತೆಗೆ ಎರಡು ಸೀಸೆ ಹೂನೀರು. ಭಟ್ಟಿಯನ್ನು ನಿನ್ನ ನಾದಿನಿಗೆ ಕೊಡುವ ಮಾತು ಇನ್ನು ಎತ್ತಬೇಡ. ಸೀಸೆ ತೆರೆದು ಮೂಸಿ ನೋಡು. ಎಳ್ಳಷ್ಟು ಸೀದ ವಾಸನೆ ಬಂದರೂ ನೀನೇ ಬಂದು ಭಟ್ಟಿ ಹೊತ್ತುಕೊಂಡು ಹೋಗು.

ನಿನ್ನ ಅಮ್ಮ,
ವಸೀಲಾ

ತಾ.ಕ.: ಆ ಗುಳಿಗೆ ಮೊದಲು ಕೊಟ್ಟವರು ಯಾರೆಂದು ಡಾಕ್ಟರಮ್ಮ ಕೇಳಿದಳು. ನಾಲ್ಕು ವರ್ಷದ ಹಿಂದೆ ನಿನ್ನ ಮದುವೆಯ ದಿನ, ನಾನು ಮೂತ್ರಕ್ಕೆಂದು ನಡುವೆ ಎದ್ದೋಡದೆ ಕಣ್ತುಂಬ ನೋಡಲೆಂದು, ಮದರಂಗಿಯ ಕೈಯಿಂದ ನೀನೇ ಬಾಯಿಗಿಟ್ಟೆ. ಆ ಒಂದು ದಿನಕ್ಕೆಂದು ಕೊಟ್ಟದ್ದು ನೀನು ಕಳಿಸುವ ತಿಂಗಳ ಡಬ್ಬಿಗೆ ಸೇರಿಕೊಂಡಿತು, ಅಷ್ಟೇ. ನನಗೆಲ್ಲ ನೆನಪಿದೆ. ಡಾಕ್ಟರಮ್ಮನಿಗೆ ಮಾತ್ರ, "ಮರೆತುಹೋಗಿದೆ ತಾಯಿ, ವಯಸ್ಸಾಯಿತಲ್ಲ" ಎಂದೆ.